ಬಿಲ್ಕಿಸು ಮಗನಿಗೆ ಹೆಸರು ಹುಡುಕಿದ್ದು

ಓಣಿಯ ಕೋಳಿಕಳ್ಳನೂ ಮಗುವನ್ನು ಹೆಸರು ಹಿಡಿದು ಕರೆಯಬಹುದು, ಹೆತ್ತವಳು ಮಾತ್ರ ಕರೆಯಬಾರದು. ಇದು ಯಾವ ಸೀಮೆಯ ನ್ಯಾಯ ಎಂದು ಬಿಲ್ಕಿಸು ತವರಿನ ಬಾಣಂತಿ ಕೋಣೆಯಲ್ಲಿ ಅಂಗಾತ ಮಲಗಿ ಮಾಡಿನ ತೊಲೆಯನ್ನು ಕೇಳುತ್ತಿದ್ದಳು. ತೊಲೆ ಮಾತಾಡಲಿಲ್ಲ. ಮರುಭೂಮಿಯಂಚಿನ ಜಾರಿಯಾ ಪಟ್ಟಣದಲ್ಲಿ ತೊಲೆಗಳು ಕೂಡ ಹಿರಿಯರ ಪಕ್ಷವೇ.

ಚೊಚ್ಚಲ ಮಗನೆಂದರೆ ತಾಯಿಗೆ ನಾಚಿಕೆ ಇರಬೇಕು. ನಾಲ್ಕು ಜನರೆದುರು ಮುದ್ದು ಮಾಡಬಾರದು. ಅತ್ತರೆ ಮೊದಲು ಎದ್ದು ಓಡಬಾರದು. ಹೆಸರನ್ನಂತೂ ಬಾಯಿಗೆ ತರಲೇಬಾರದು. ಎರಡನೆಯದು ಹುಟ್ಟಿದ ಮೇಲೆ ಅದರ ಹೆಸರನ್ನು ಊರಿಗೆಲ್ಲ ಕೇಳುವಂತೆ ಕೂಗಿಕೊಳ್ಳಬಹುದು, ಆಕ್ಷೇಪಣೆಯಿಲ್ಲ. ಅದೂ ಸಾಲದೆ, ಹಾಲು ಬಿಡಿಸಿದ ಮೇಲೆ ಚೊಚ್ಚಲನ್ನು ಅತ್ತೆ ಬಂದು ಎತ್ತಿಕೊಂಡು ಹೋಗಿ ತನ್ನ ಮಡಿಲಲ್ಲಿ ಬೆಳೆಸುವುದು ಎರಡೂ ಮನೆಯ ವಾಡಿಕೆ. ಅಂದರೆ ಬಿಲ್ಕಿಸುವಿನ ಕೈಯಲ್ಲಿ ಉಳಿದದ್ದು ಹೆಚ್ಚೆಂದರೆ ಎರಡು ವರ್ಷ. ಅಷ್ಟರೊಳಗೆ ಬಾಗಿಲು ಹಾಕಿಕೊಂಡು, ಒಂದೇ ಒಂದು ಸಲ, ಮಗನನ್ನು ಹೆಸರು ಹಿಡಿದು ಕರೆಯಬೇಕು. ಅವಳ ಮಹತ್ವಾಕಾಂಕ್ಷೆ ಇಷ್ಟೇ.

ಬಾಗಿಲು ಹಾಕಿಕೊಂಡ ಮೇಲೆ ತಡೆಯುವವರು ಯಾರು? ತೊಡಕು ಇದ್ದದ್ದೇ ಅಲ್ಲಿ. ಯಜಮಾನರು ತಮ್ಮ ತಂದೆಯ ಹೆಸರಿಟ್ಟುಬಿಟ್ಟರೆ ಮುಗಿಯಿತು. ಮಾವನ ಹೆಸರು ಏಳು ಬಾಗಿಲು ಹಾಕಿಕೊಂಡರೂ ಸೊಸೆಯ ಬಾಯಲ್ಲಿ ಬರುವುದಿಲ್ಲ. ನಾಲಗೆ ಅಂಗುಳಿಗೆ ಅಂಟಿಕೊಳ್ಳುತ್ತದೆ. (ಸಂತೆಯ ಮಾಂಸದಂಗಡಿಯವನದೂ ಮಾವನ ಹೆಸರೇ. ಮದುವೆಯಾದಂದಿನಿಂದ ಬಿಲ್ಕಿಸು ಅವನನ್ನು ‘ಮೂಳೆಯವರೇ’ ಎಂದು ಕರೆದು, ಆ ಮರ್ಯಾದೆಗಾಗಿ ಬರೀ ಮೂಳೆಯನ್ನೇ ಹಾಕಿಸಿಕೊಂಡು ಬರುತ್ತಿದ್ದಳು.)

ಆದ್ದರಿಂದ ಮಗನ ಹೆಸರು ಯಾವ ಹಿರಿಯರದ್ದೂ ಆಗಿರಬಾರದು. ಬಸುರಿಯಾಗಿದ್ದಾಗಿನಿಂದ ಅವಳು ದಿಂಬಿನ ಕೆಳಗಿನ ನೋಟುಪುಸ್ತಕದಲ್ಲಿ ಹೆಸರುಗಳನ್ನು ಬರೆದು, ಅರ್ಥವನ್ನೂ, ತನ್ನ ಅಭಿಪ್ರಾಯವನ್ನೂ ದಾಖಲಿಸಿದ್ದಳು. ತಾಂಕೊ: ಸಾಲು ಹೆಣ್ಣುಗಳ ಬೆನ್ನಿಗೆ ಬಂದ ಗಂಡು. ಒಂದೂ ಹೆಣ್ಣಿಲ್ಲದೆ ಹೇಗೆ ಇಡುವುದು? ಗಾಂಬೊ: ಅವಳಿ ಮಕ್ಕಳ ನಂತರ ಹುಟ್ಟಿದವನು. ದೇವರೇ, ಬೇಡ. ಬಾರಾವು: ಹೋದವರ ನಡುವೆ ಉಳಿದ ಒಬ್ಬನು. ಇದನ್ನು ಬರೆದವಳೇ ಕಣ್ಣೊರೆಸಿಕೊಂಡು ಹೊಡೆದುಹಾಕಿದ್ದಳು. ಔತಾ: ಕಡೆಯ ಕೂಸು. ಮೊದಲನೆಯದಕ್ಕೇ ಇಟ್ಟರೆ ಯಜಮಾನರ ಎದೆ ನಿಂತೀತು. ಮಗು ಗುರುವಾರ ಹುಟ್ಟಿದ ಮೇಲೆ ಲೆಕ್ಕ ಸುಲಭವಾಯಿತು. ಡನ್‌ಲಾಮಿ, ಗುರುವಾರದವನು! ವಾರಕ್ಕೊಮ್ಮೆ ಬರುವ ಗುರುವಾರದ ಎದುರು ಯಾರಿಗೆ ನಾಚಿಕೆ?

ಬೇವಿನ ರೆಂಬೆಯನ್ನು ಕುದಿನೀರಿಗೆ ಅದ್ದಿ ಬೆನ್ನಿಗೆ ಬಡಿಯುತ್ತ ಸ್ನಾನ ಮಾಡಿಸುತ್ತಿದ್ದ ತಾಯಿಯನ್ನು ಅವಳು ಮೆಲ್ಲಗೆ ಕೇಳಿದಳು:

“ಅಮ್ಮ, ನೀನು ಅಣ್ಣನ್ನ ಯಾವತ್ತೂ ಹೆಸರು ಹಿಡಿದು ಕರೆದೇ ಇಲ್ವಾ?”

ಅಣ್ಣ ಬೆಳೆದದ್ದು ಅಪ್ಪನ ತಾಯಿಯ ಊರಿನಲ್ಲಿ. ಹಬ್ಬಕ್ಕೆ ಬಂದಾಗ ಅಮ್ಮ ಮಾತಿಲ್ಲದೆ ಬಡಿಸುತ್ತಿದ್ದಳು; ಅವನು ಹೊರಟಾಗ ಕಿಟಕಿಯ ಹಿಂದೆ ನಿಂತು, ಓಣಿ ತಿರುಗುವವರೆಗೂ ನೋಡುತ್ತಿದ್ದಳು.

ಬೇವಿನ ರೆಂಬೆ ಗಾಳಿಯಲ್ಲೇ ನಿಂತಿತು. “ಒಂದ್ಸಲ ಕರ್ದಿದ್ದೆ. ಬಾವಿಗೆ ಬಗ್ಗಿ.”

“ಬಾವಿಗಾ?”

“ಮತ್ತೆಲ್ಲಿ ಕರೀಲಿ, ಸಂತೇಲಾ? ಹಾಳಾದ ಬಾವಿ ಎರಡೆರಡು ಸಲ ವಾಪಸ್ ಹೇಳ್ತು. ಹೆದ್ರಿ ಕೊಡ ಅಲ್ಲೇ ಬಿಟ್ಟು ಓಡಿ ಬಂದೆ.”

“ಸಾಕಾಯ್ತಾ ಅಷ್ಟಕ್ಕೆ?”

“ಸಾಕಾಗೋಕೆ ಅದೇನು ಸಜ್ಜೆ ಗಂಜಿನಾ? ತಿರುಗು ಆ ಕಡೆ!” ರೆಂಬೆ ದುಪ್ಪಟ್ಟು ಜೋರಾಗಿ ಬಿತ್ತು.

ಅಂದೇ ಬಿಲ್ಕಿಸು ಮನೆಯಲ್ಲೇ ಇದ್ದ ಅಮ್ಮನ ಕಡೆಯ ಅಜ್ಜಿಯನ್ನು ರಾಯಭಾರಿಯಾಗಿ ನೇಮಿಸಿದಳು. ಗಂಡನ ಹತ್ತಿರ ಹೆಸರಿನ ಪ್ರಸ್ತಾಪವನ್ನು ತಾನೇ ಎತ್ತುವಂತಿರಲಿಲ್ಲ. ಅಜ್ಜಿಗೆ ಯಾರ ನಾಚಿಕೆಯೂ ಇಲ್ಲ. ವಾಡಿಕೆಯ ತಮಾಷೆಯಲ್ಲಿ ಮೊಮ್ಮಗಳ ಗಂಡನನ್ನೂ ಮರಿಮಗನನ್ನೂ ‘ನನ್ನ ಗಂಡ’ ಎಂದೂ, ಬಿಲ್ಕಿಸುವನ್ನು ‘ಸವತಿ’ ಎಂದೂ ಕರೆಯುವ ಪರಮಾಧಿಕಾರ ಅವಳದು.

“ಅಜ್ಜಿ, ಅವರ ಮನೆಯ ಹಿರಿಯರ ಹೆಸರು ಬೇಡ ಅನ್ನು. ಡನ್‌ಲಾಮಿ ಅಂತ ಇಡ್ಲಿ ಅನ್ನು. ಅಷ್ಟೇ.”

“ಅಷ್ಟಕ್ಕೇ ಇಷ್ಟೊಂದು ಗುಟ್ಟಾ? ಅಗಿಯೋಕೆ ನಾಲ್ಕು ಕೋಲಾ ಕಾಯಿ ಕೊಡು, ಹೋಗ್ತೀನಿ.”

“ನಿನಗೆ ಹಲ್ಲೇ ಇಲ್ವಲ್ಲ!”

“ರಾಯಭಾರಕ್ಕೆ ಹಲ್ಲು ಬೇಡ ಕಣೇ ಸವತಿ, ನಾಲಗೆ ಸಾಕು.”

ಬಿಲ್ಕಿಸುವಿನ ಗಂಡ ಮುಂತಾರಿ ಸಂತೆಯಲ್ಲಿ ಕಸೂತಿ ಟೋಪಿಗಳನ್ನು ಒಗೆದು, ಗಂಜಿ ಹಾಕಿ, ಮರದ ಅಚ್ಚಿಗೆ ತೊಡಿಸಿ ಒಣಗಿಸುವವನು. (ಊರಿಗೆಲ್ಲ ಟೋಪಿ ಹಾಕಿಯೂ ಒಳ್ಳೆಯವನೆನಿಸಿಕೊಂಡವನು ಅವನೊಬ್ಬನೇ.) ಅಜ್ಜಿ ಹೋದಳು, ಬಂದಳು, “ಹೇಳಿದೆ. ನನ್ನ ಗಂಡ ಕಿವಿಯವರೆಗೂ ನಕ್ಕ” ಎಂದು ವರದಿ ಒಪ್ಪಿಸಿ ಕೋಲಾ ಕಾಯಿಯನ್ನು ತುರಿಮಣೆಗೆ ಉಜ್ಜತೊಡಗಿದಳು. ಬಿಲ್ಕಿಸು ಆ ವಾರವೆಲ್ಲ ಗಂಡ ಕಳಿಸಿದ ದನದ ಕಾಲಿನ ಖಾರದ ಸಾರು ಕುಡಿಯುತ್ತ, ತುಟಿ ಅಲ್ಲಾಡಿಸದೆ ‘ಡನ್‌ಲಾಮಿ’ ಎನ್ನುವ ಅಭ್ಯಾಸ ಮಾಡಿದಳು.

ಮುಂದಿನ ಗುರುವಾರ, ಹೆಸರಿಡುವ ಏಳನೆಯ ದಿನ, ಬೆಳಿಗ್ಗೆ ಮನೆಯ ಮುಂದೆ ಚಾಪೆ ಹಾಸಿ ಎರಡೂ ಮನೆಯ ಗಂಡಸರು ಕುಳಿತರು. ಒಣಗಾಳಿ ಮರುಭೂಮಿಯ ದೂಳನ್ನೆಲ್ಲ ಹೊತ್ತು ತಂದು ಓಣಿಗೆ ಸುರಿಯುತ್ತಿತ್ತು. ಒಳಗೆ ಹೆಂಗಸರು ಉಸಿರು ಹಿಡಿದರು. ಇಮಾಮರ ಪ್ರಾರ್ಥನೆ ಮುಗಿಯಿತು, ಟಗರು ಒಮ್ಮೆ ಅರಚಿತು, ಅಜ್ಜಿ ನಾಲಗೆ ಹೊರಳಿಸಿ ಉಲುಲು ಎಂದು ಹರ್ಷದ ಕೂಗು ಹಾಕುತ್ತ ಅಂಗಳದಿಂದ ನುಗ್ಗಿ ಬಂದಳು.

“ಅನಾರುವಾ! ಅನಾರುವಾ ಅಂತ ಇಟ್ರು!”

ಹೆಂಗಸರ ಗಂಟಲುಗಳೆಲ್ಲ ಒಟ್ಟಿಗೆ ತೆರೆದುಕೊಂಡವು. ಬಿಲ್ಕಿಸು ಮಾತ್ರ ನೋಟುಪುಸ್ತಕವನ್ನು ದಿಂಬಿನ ಕೆಳಗೆ ಇನ್ನಷ್ಟು ಒಳಗೆ ತಳ್ಳಿದಳು. ಅನಾರುವಾ ಎಂದರೆ ಮಳೆ ಸುರಿಯುವಾಗ ಹುಟ್ಟಿದವನು. ಅದು ಅವಳ ಮಾವನ ಹೆಸರಲ್ಲ. ಅವಳ ಸ್ವಂತ ತಂದೆಯ ಹೆಸರು! ಹುಟ್ಟಿದಂದಿನಿಂದ ಅವಳು ‘ಬಾಬಾ’ ಎಂದಲ್ಲದೆ ಕರೆದಿರದ, ಎದುರಿಗೆ ಮಂಡಿಯೂರದೆ ಒಂದು ಮಾತನ್ನೂ ಆಡಿರದ ತಂದೆಯ ಹೆಸರು.

“ಹೆಂಡ್ತಿ ತಂದೆ ಹೆಸರು ಚೊಚ್ಚಲ ಮಗನಿಗೆ! ಇಂಥ ಗಂಡ ಯಾರಿಗುಂಟೇ?” ಎಂದು ನೆರೆಯವಳು ಕೆನ್ನೆ ಹಿಂಡಿದಳು.

“ಈ ಒಣಗಾಳೀಲಿ ಮಳೆರಾಯ!” ಎಂದು ಇನ್ನೊಬ್ಬಳು ನಕ್ಕಳು.

ಬಿಲ್ಕಿಸು ಅಜ್ಜಿಯ ಸೆರಗು ಹಿಡಿದೆಳೆದಳು. “ಏನಂತ ಹೇಳಿದ್ದೆ ನೀನು?”

“ಬಾಣಂತಿ ತಾನೇ ಹೆಸರು ಸೂಚಿಸಿದಳು ಅಂದ್ರೆ ನಿನ್ನ ಮಾನ ಉಳಿಯುತ್ತಾ? ಸುತ್ತಿ ಬಳಸಿ ಹೇಳಿದೆ. ನಿಮ್ಮ ಮನೇದು ಬೇಡ್ವಂತೆ. ಅವಳ ಎದೇಲಿ ಇರೋ, ಬಾಯಿಗೆ ಬರದೆ ಇರೋ ಹೆಸರು ಒಂದಿದೆ, ಜಾಣನಾದ್ರೆ ನೀನೇ ತಿಳ್ಕೋ ಅಂದೆ. ಎಷ್ಟು ಸರಿಯಾಗಿ ತಿಳ್ಕೊಂಡ ನೋಡು!”

ಮಧ್ಯಾಹ್ನ, ತನ್ನ ಅತ್ತೆಯಾದ ಬಿಲ್ಕಿಸುವಿನ ತಾಯಿಯ ಕಣ್ಣಿಗೆ ಬೀಳದಂತೆ ಮುಖ ಮುಚ್ಚಿಕೊಂಡು ಮುಂತಾರಿ ಗೋಡೆಯುದ್ದಕ್ಕೂ ಜಾರುತ್ತ ಬಂದು ಬಾಗಿಲ ಬಳಿ ಕುಕ್ಕರುಗಾಲಲ್ಲಿ ಕುಳಿತ. ಕಣ್ಣು ಹೊಳೆಯುತ್ತಿದ್ದವು.

“ನಮ್ಮಪ್ಪ ಮೂರು ದಿನ ನನ್ನ ಹತ್ರ ಮಾತು ಬಿಟ್ರು. ನಾನು ಜಗ್ಗಲಿಲ್ಲ. ನಿಮ್ಮ ಬಾಬಾ ಟವಲು ಮುಖಕ್ಕೆ ಒತ್ಕೊಂಡು, ಕಣ್ಣಿಗೆ ದೂಳು ಬಿತ್ತು ಅಂದ್ರು. ನಿನಗೆ ಇಷ್ಟ ಆಯ್ತಾ?”

ಬಿಲ್ಕಿಸು ಅವನ ಬೆರಳುಗಳನ್ನು ನೋಡಿದಳು. ಟಗರಿನ ದುಡ್ಡಿಗಾಗಿ ವಾರವೆಲ್ಲ ಹೆಚ್ಚಿಗೆ ಟೋಪಿ ಒಗೆದು ತುದಿಗಳು ಬೆಳ್ಳಗೆ ಸುಕ್ಕಾಗಿದ್ದವು. ಇಂಥವನ ಮೇಲೆ ಸಿಟ್ಟು ಮಾಡುವುದಾದರೂ ಹೇಗೆ?

“ಆಯ್ತು” ಎಂದಳು.

“ಮತ್ತೆ ಅಳ್ತಿದೀಯಲ್ಲ?”

“ಸಂತೋಷಕ್ಕೆ.” ಅರ್ಧ ನಿಜವೇ.

“ಯೋಚನೆ ಬಿಡು. ಮುಂದಿನವನಿಗೆ ನಮ್ಮಪ್ಪಂದು ಇಡೋಣ. ಆಗ ಯಾರಿಗೂ ಬೇಜಾರಿಲ್ಲ!”

ಅವನು ಹೋದ ಮೇಲೆ, ಹೆಂಗಸರೆಲ್ಲ ಟಗರಿನ ಮಾಂಸದ ಸುತ್ತ ನೆರೆದಿದ್ದಾಗ, ಅವಳು ಬಾಗಿಲು ಹಾಕಿದಳು. ಮಗನನ್ನು ಎತ್ತಿಕೊಂಡಳು. ಕಿವಿ ಇನ್ನೂ ಬಟಾಣಿ ಸಿಪ್ಪೆಯಷ್ಟಿತ್ತು. ಅದರ ಹತ್ತಿರ ಬಾಯಿ ತಂದಳು.

“ಅ...”

ಕಣ್ಣೆದುರು ಬಾಬಾರ ಬಿಳಿ ಗಡ್ಡ ಬಂದು ನಿಂತಿತು. ಉಗುಳು ನುಂಗಿ ಮತ್ತೆ ಪ್ರಯತ್ನಿಸಿದಳು. ಗಡ್ಡದ ಜೊತೆ ಕನ್ನಡಕವೂ ಬಂತು. ಮೂರನೆಯ ಸಲ ಉಸಿರು ಮಾತ್ರ ಹೊರಬಂತು. ಕಿವಿಗೆ ಕಚಗುಳಿಯಾಗಿ ಮಗು ಮುಖ ಸೊಟ್ಟ ಮಾಡಿತು, ಕೆಂಪಾಯಿತು, ಸೂರು ಹಾರಿಹೋಗುವಂತೆ ಅತ್ತಿತು.

ಬಿಲ್ಕಿಸು ತನಗೇ ತಿಳಿಯದಂತೆ ತಲೆಯ ಮೇಲೆ ಸೆರಗೆಳೆದುಕೊಂಡಳು. ಮಂಡಿಗಳು ತಾವಾಗಿಯೇ ಮಡಚಿಕೊಂಡವು.

“ಅಳಬೇಡಿ ಬಾಬಾ” ಎಂದಳು. “ತಪ್ಪಾಯ್ತು. ಹಾಲು ಕುಡೀತೀರಾ?”

ಏಳು ದಿನದ ಬಾಬಾ ಕೃಪೆಯಿಟ್ಟು ಒಪ್ಪಿದರು. ಪುಟ್ಟ ಮುಷ್ಟಿಯಿಂದ ಅವಳ ಬೆರಳು ಹಿಡಿದುಕೊಂಡು ಗುಟುಕು ಗುಟುಕಾಗಿ ಕುಡಿಯತೊಡಗಿದರು. ಅವಳು ಆ ಮುಖವನ್ನೇ ನೋಡುತ್ತ ಕುಳಿತಳು.

ಹೊರಗಿನಿಂದ ಅಜ್ಜಿ ಬಾಗಿಲು ಬಡಿದಳು. “ಯಾರೇ ಸವತಿ ಒಳಗೆ? ಅಷ್ಟೊಂದು ಮರ್ಯಾದೆ ಕೊಟ್ಟು ಮಾತಾಡ್ತಿದೀಯ?”

“ದೊಡ್ಡೋರು ಊಟ ಮಾಡ್ತಿದಾರೆ ಅಜ್ಜಿ” ಎಂದಳು ಬಿಲ್ಕಿಸು, ಚಿಲಕದ ಮೇಲೆ ಕೈಯಿಟ್ಟು. “ಸ್ವಲ್ಪ ಹೊತ್ತು ಬಿಟ್ಟು ಬಾ.”