ಶೆಡ್ಡಿನ ಬಾಗಿಲಲ್ಲಿ ಬಿಡಾರ ಹೂಡಿರುವ ಬುಲ್‌ಬುಲ್ ದಂಪತಿಗೆ

ಮಾನ್ಯರೇ,

ತಮ್ಮ ನೆತ್ತಿಯ ಜುಟ್ಟು ಸದಾ ನಿಮಿರಿರಲಿ, ಹುಳಹುಪ್ಪಟೆಗಳಿಗೆ ಎಂದೂ ಬರ ಬಾರದಿರಲಿ ಎಂದು ಹಾರೈಸುತ್ತಾ, ತಮ್ಮ ಗೂಡಿನಿಂದ ಹದಿನೆಂಟು ಅಡಿ ದೂರದಲ್ಲಿ ನಿಂತು ಈ ಪತ್ರ ಬರೆಯುತ್ತಿದ್ದೇನೆ. ಅದಕ್ಕಿಂತ ಹತ್ತಿರ ಬರಲು ಮನೆಯವಳ ಅಪ್ಪಣೆಯಿಲ್ಲ. ಓದುವ ಕನ್ನಡಕ ಶೆಡ್ಡಿನೊಳಗೇ ಉಳಿದಿರುವುದರಿಂದ ಕಾಗುಣಿತದ ತಪ್ಪುಗಳನ್ನು ಹೊಟ್ಟೆಗೆ ಹಾಕಿಕೊಳ್ಳಬೇಕು.

ಹಿತ್ತಿಲಿನ ಈ ತಗಡಿನ ಶೆಡ್ಡು ಅಡುಗೆಮನೆಯ ಕಿಟಕಿಯಿಂದ ನೋಡಿದರೆ ಕಣ್ಣಿಗೆ ಚುಚ್ಚುತ್ತದೆ, ತಿಂಗಳೊಳಗೆ ಅಂದವಾಗದಿದ್ದರೆ ಕೆಡವಿಸುವುದೇ ಸೈ ಎಂದು ನನ್ನ ಹೆಂಡತಿ ತೀರ್ಪು ಕೊಟ್ಟಿದ್ದಳು. ಒಂದು ಕುರ್ಚಿ, ಒಂದು ರೇಡಿಯೋ, ಯಾರೂ ಯಾವ ಕೆಲಸಕ್ಕೂ ಕರೆಯದ ಎರಡು ಗಂಟೆ, ಇಷ್ಟು ಸುಖ ನನಗೆ ಭೂಮಿಯ ಮೇಲೆ ಬೇರೆಲ್ಲೂ ಇಲ್ಲವಾದ್ದರಿಂದ, ಹಳೆಯ ಹಲಗೆಗಳನ್ನು ಏಣಿಯಂತೆ ಜೋಡಿಸಿ, ಎಣ್ಣೆಡಬ್ಬಗಳನ್ನು ಕೊಯ್ದು ಮೂರು ಸಾಲು ಕಟ್ಟಿ, ಮಣ್ಣು ತುಂಬಿ ಸಸಿ ನೆಟ್ಟು, ಹೆಬ್ಬೆರಳಿಗೆ ಎರಡು ಸಲ ಸುತ್ತಿಗೆಯೇಟು ತಿಂದು, ನೆಟ್ಟಗೆ ನಿಲ್ಲುವ ತೋಟವೊಂದನ್ನು ತಯಾರಿಸಿದೆ. ಕಿಟಕಿಗೆ ಎದುರಾಗಿರುವುದು ಬಾಗಿಲೊಂದೇ ಆದ್ದರಿಂದ ಅದನ್ನು ಬಾಗಿಲಿಗೇ ತೂಗುಹಾಕಿದ ಬುದ್ಧಿವಂತನೂ ನಾನೇ.

ತಾವು ಬಂದಿರಿ; ಎರಡನೇ ಸಾಲಿನ ಸೇವಂತಿಗೆ ಸಸಿಯನ್ನು ಪಕ್ಕಕ್ಕೆ ತಳ್ಳಿ, ಯಾರನ್ನೂ ಒಂದು ಮಾತು ಕೇಳದೆ ಗೂಡು ಕಟ್ಟಿ ಮೂರು ಮೊಟ್ಟೆ ಇಟ್ಟಿರಿ. ತಮ್ಮ ಕೆಲಸದ ಅಚ್ಚುಕಟ್ಟನ್ನು ಮೆಚ್ಚಲೇಬೇಕು: ಅಳತೆಪಟ್ಟಿಯಿಲ್ಲದೆ, ಒಂದು ಮೊಳೆಯೂ ಇಲ್ಲದೆ ಕಟ್ಟಿದ ತಮ್ಮ ಗೂಡು ಎಲ್ಲೂ ಓರೆಯಾಗಿಲ್ಲ, ನನ್ನ ತೋಟ ಓರೆಯಾಗಿದೆ. ಬಾಗಿಲು ತೆರೆದರೆ ತಮ್ಮ ಸಂಸಾರ ಅಲ್ಲಾಡುತ್ತದೆಂದು ಈಗ ಚಿಲಕಕ್ಕೆ ಹಗ್ಗ ಬಿಗಿಯಲಾಗಿದೆ. ಮೂವತ್ತು ವರ್ಷ ನನ್ನೊಡನೆ ಬಾಳಿದ ಹೆಂಡತಿ, ನನ್ನನ್ನು ಎಂದೂ ಕೇಳದಷ್ಟು ಮೆಲ್ಲನೆಯ ದನಿಯಲ್ಲಿ, ಊಟವಾಯಿತೇ ಎಂದು ತಮ್ಮನ್ನು ವಿಚಾರಿಸುತ್ತಾಳೆ. ನನಗೆ ಹೊಟ್ಟೆಕಿಚ್ಚಾಗಿದೆ, ಮುಚ್ಚಿಡುವುದೇಕೆ?

ಆದಕಾರಣ ತಾವು ದಯಮಾಡಿ ಮೊಟ್ಟೆಗಳ ಸಮೇತ ಪಕ್ಕದ ಮನೆಯ ದಾಸವಾಳಕ್ಕೆ ವರ್ಗಾವಣೆ ಪಡೆಯಬೇಕು. ಅದಾಗದಿದ್ದರೆ ಕಾವು ಕೂರುವುದನ್ನು ದಿನಾ ಸಂಜೆ ನಾಲ್ಕರಿಂದ ಆರರವರೆಗೆ ನಿಲ್ಲಿಸಬೇಕು. ಅದೂ ಆಗದಿದ್ದರೆ ಗಾಳಿಕಿಂಡಿಯಿಂದ ಒಳಹೊಕ್ಕು ನನ್ನ ಕನ್ನಡಕವನ್ನಾದರೂ ತಂದುಕೊಡಬೇಕು.

ಇಂತಿ,
ತಮ್ಮ ವಿಶ್ವಾಸಿ,
ಶೆಡ್ಡಿನ ಮಾಲೀಕ, ಸದ್ಯ ಹೊರಗಡೆ

ವಿ.ಸೂ.: ಸಹಿ ಹಾಕುವಷ್ಟರಲ್ಲಿ ಹೆಂಡತಿ ಕಿಟಕಿಯಿಂದ, "ಮರಿ ಹಾರೋ ತನಕ ಸುಮ್ನಿರಿ, ಆಮೇಲೆ ಈ ಒಣಗಿದ ಗಿಡಗಳ ಸಮೇತ ಶೆಡ್ ಕೆಡವಿಸಿಬಿಡೋಣ," ಎಂದಳು. ಮೇಲಿನ ಬೇಡಿಕೆಗಳನ್ನೆಲ್ಲ ಈ ಕ್ಷಣವೇ ಹಿಂಪಡೆದಿದ್ದೇನೆ. ಮರಿಗಳಿಗೆ ಹಾರಲು ಕಲಿಸುವ ಆತುರ ಬೇಡ. ಕಲಿತರೆ ಕೂಡಲೇ ಮತ್ತೆ ಮೊಟ್ಟೆ ಇಡಿ. ಹತ್ತಿರ ಬಂದು ನೀರು ಹಾಕುವಂತಿಲ್ಲದೆ ನನ್ನ ಗಿಡಗಳೆಲ್ಲ ಒಣಗಿ ಉಳಿದ ಡಬ್ಬಗಳೂ ಖಾಲಿಯಾಗಿವೆ, ತಮ್ಮ ನೆಂಟರಿಷ್ಟರನ್ನೂ ಕರೆಸಿಕೊಳ್ಳಿ.