ಅಂತಾರಾಷ್ಟ್ರೀಯ ಗಂಡ

ಸುದ್ದಿಪತ್ರಿಕೆ ಎಂಬುದು ಇರುವ ಊರಿನ ಸುದ್ದಿ ತಿಳಿಯಲಿಕ್ಕೆ ಎಂದು ಎಲ್ಲರೂ ನಂಬಿದ್ದಾರೆ. ನಾನೂ ನಂಬಿದ್ದೆ. ಆದರೆ ಈಗ ಕೆಲವು ತಿಂಗಳಿಂದ ಟೆಕ್ಸಾಸಿನ ಆಸ್ಟಿನ್ ಪಕ್ಕದ ಲಿಯಾಂಡರಿನ ನಮ್ಮ ಮನೆಯ ಹಿತ್ತಿಲಲ್ಲಿ ಕೂತು, ನಾನು ಕಾಲೇ ಇಡದ ಯುರೋಪಿನ ಒಂದು ಊರಿನ ಇಂಗ್ಲಿಷ್ ಪತ್ರಿಕೆಯನ್ನು ಫೋನಿನಲ್ಲಿ ಓದುತ್ತಿದ್ದೇನೆ. ಆಸ್ಟಿನ್ನಿನಲ್ಲಿ ಏನಾಯಿತು ಎಂದು ಕೇಳಿದರೆ ಗೊತ್ತಿಲ್ಲ. ಆ ಊರಿನಲ್ಲಿ ನಾಳೆ ಯಾವ ಟ್ರಾಮ್ ಓಡುವುದಿಲ್ಲ ಎಂದು ಕೇಳಿ, ಹೇಳುತ್ತೇನೆ.

ಇದಕ್ಕೆ ಕಾರಣ ನನ್ನ ಹೆಂಡತಿ ಗಿರಿಜಾ. ಅವಳ ಕಂಪನಿ ಅವಳನ್ನು ಎರಡು ವರ್ಷದ ಮಟ್ಟಿಗೆ ಆ ಊರಿಗೆ ಕರೆಯಿತು. ನನ್ನದು ಮನೆಯಿಂದಲೇ ಮಾಡುವ ಕೆಲಸ, ಎಲ್ಲಿದ್ದರೂ ನಡೆಯುತ್ತದೆ. ಆದರೂ ಬೇಡವೆಂದೆ. ಟೆಕ್ಸಾಸಿನ ಇಂಗ್ಲಿಷಿಗೆ ಕಿವಿ ಹೊಂದಿಸಿಕೊಳ್ಳುವುದರಲ್ಲೇ ಅರ್ಧ ಆಯುಷ್ಯ ಹೋಗಿದೆ, ಇನ್ನೊಂದು ಭಾಷೆಯ ಅಕ್ಷರಾಭ್ಯಾಸ ನನ್ನಿಂದಾಗದು ಎಂದೆ. ಬಂದ ಹೊಸದರಲ್ಲಿ ಅಂಗಡಿಯ ಹುಡುಗಿ ನನ್ನೊಬ್ಬನನ್ನೇ ‘ಯಾಲ್’, ಅಂದರೆ ‘ನೀವೆಲ್ಲ’, ಎಂದು ಮಾತಾಡಿಸಿದಾಗ, ಅದು ನಮ್ಮ ‘ನೀವು’ ಇದ್ದ ಹಾಗೆ ಬಹುವಚನದ ಮರ್ಯಾದೆ ಎಂದುಕೊಂಡು ವರ್ಷಗಟ್ಟಲೆ ಬೀಗಿದವನು ನಾನು. ಗಿರಿಜಾ ಧಾರವಾಡದವಳು, ಜಗಳಕ್ಕೆ ಹೆದರುವವಳಲ್ಲ. ಆದರೆ ಅಂದು ಜಗಳವಾಡಲಿಲ್ಲ. ಹೊರಗಿನಿಂದ ಬಂದವರಿಗಾಗಿಯೇ ಆ ಊರಿನಲ್ಲಿ ನಡೆಯುವ ಪತ್ರಿಕೆಯನ್ನು ನನ್ನ ಫೋನಿಗೆ ಹಾಕಿಕೊಟ್ಟು ಸುಮ್ಮನಾದಳು.

ಓದಿದೆ, ಬೆರಗಾದೆ. ಭಾನುವಾರ ಗಾಜಿನ ಬಾಟಲಿಯನ್ನು ಕಸದ ಡಬ್ಬಕ್ಕೆ ಹಾಕಬಾರದಂತೆ, ಆ ಸದ್ದಿಗೆ ನೆರೆಯವರ ನೆಮ್ಮದಿ ಕೆಡುತ್ತದಂತೆ. ಹುಟ್ಟುಹಬ್ಬಕ್ಕೆ ಹೋದರೆ ಹುಟ್ಟಿದವರಿಗೆ ಮಾತ್ರವಲ್ಲ, ಅವರ ಅತ್ತೆ ಮಾವಂದಿರಿಗೂ ಶುಭಾಶಯ ಹೇಳಬೇಕಂತೆ. ಬಾತುಕೋಳಿಯ ಸಂಸಾರವೊಂದು ದಾಟಲೆಂದು ಟ್ರಾಮ್ ನಿಂತದ್ದು ಅಲ್ಲಿ ಮುಖಪುಟದ ಸುದ್ದಿ. ನಮ್ಮ ಟೋಲ್ ರಸ್ತೆಯಲ್ಲಿ ಬ್ಲಿಂಕರ್ ಹಾಕಿಕೊಂಡು ಅಂಗಲಾಚಿದರೂ ಪಿಕಪ್ ಟ್ರಕ್ಕಿನವರು ನನಗೆ ದಾರಿ ಬಿಡುವುದಿಲ್ಲ. ಇದನ್ನೆಲ್ಲ ಗದರದೆ, ಗೇಲಿ ಮಾಡದೆ, ಮಗುವಿಗೆ ತುತ್ತಿಡುವ ಹಾಗೆ ಬರೆದಿದ್ದರು. ಬಂದವರು ಕಂಗಾಲಾಗದಿರಲಿ ಎಂದು ಒಂದು ಊರಿನಲ್ಲಿ ಪತ್ರಿಕೆಯೇ ಇದೆಯಲ್ಲ ಎಂದು ನನಗೆ ನಿಜಕ್ಕೂ ಮನಸ್ಸು ತುಂಬಿ ಬಂತು.

ಎಲ್ಲಕ್ಕಿಂತ ಮರುಳು ಮಾಡಿದ್ದು ಒಂದು ಪದ. ನನ್ನಂಥವರನ್ನು ಅವರು ‘ಇಂಟರ್‌ನ್ಯಾಷನಲ್’ ಎನ್ನುತ್ತಾರೆ. ಕನ್ನಡ ಪತ್ರಿಕೆಗಳಲ್ಲಿ ಅಂತಾರಾಷ್ಟ್ರೀಯ ಎನ್ನಿಸಿಕೊಳ್ಳಬೇಕಾದರೆ ವಿಮಾನ ನಿಲ್ದಾಣವಾಗಿರಬೇಕು, ಇಲ್ಲವೇ ಕಳ್ಳಸಾಗಣೆದಾರನಾಗಿರಬೇಕು. ಅಲ್ಲಿ ಸೂಟ್‌ಕೇಸ್ ಹಿಡಿದು ಇಳಿದರೆ ಸಾಕು. ಇಲ್ಲೇ ಅಮೆರಿಕದ ಲೂಯಿಸ್‌ವಿಲ್‌ನಲ್ಲಿರುವ ಗೆಳೆಯ ಪ್ರಸನ್ನನಿಗೆ ಫೋನ್ ಮಾಡಿ ಇದನ್ನೆಲ್ಲ ವರ್ಣಿಸಿದೆ. ಅವನು ಅಲ್ಲಿ ಕರಿಬೇವು ಸಿಗುತ್ತದೆಯೇ ಎಂದು ಕೇಳಿದ. ಪಾಪ, ಇನ್ನೂ ರಾಷ್ಟ್ರೀಯ ಮಟ್ಟದಲ್ಲೇ ಇದ್ದಾನೆ ಎನ್ನಿಸಿತು.

ಮೊನ್ನೆ ಶನಿವಾರ ದೊಡ್ಡ ಮನಸ್ಸು ಮಾಡಿ, ಸರಿ, ಹೋಗೋಣ ಎಂದೆ. ಗಿರಿಜಾ ದೋಸೆ ಮಗುಚುತ್ತಲೇ ಹೇಳಿದಳು:

“ನೀವು ಬ್ಯಾಡ ಅಂದ ದಿನಾನ ನಾ ಆಫೀಸಿನ್ಯಾಗ ಹೂಂ ಅಂದೇನ್ರಿ. ನಾ ಅಂತೂ ಹೋಗಾಕಿನ. ನೀವು ಬರ್ತೀರೋ ಇಲ್ಲೋ ಅನ್ನೋದಷ್ಟ ನೋಡಬೇಕಿತ್ತು.”

ನನ್ನ ದೊಡ್ಡ ಮನಸ್ಸು ಅಲ್ಲೇ ಮುದುಡಿತು. ಮುಖ ಮರೆಸಿಕೊಳ್ಳಲು ಪತ್ರಿಕೆ ತೆರೆದರೆ, ಹೆಂಡತಿಯ ಕೆಲಸದ ಹಿಂದೆ ಬರುವ ಗಂಡಂದಿರಿಗೆಂದೇ ಒಂದು ಪುಟ. ಅವರಿಗೆ ‘ಟ್ರೇಲಿಂಗ್ ಸ್ಪೌಸ್’ ಎಂದು ಹೆಸರು. ಅಚ್ಚ ಕನ್ನಡದಲ್ಲಿ ಬಾಲಂಗೋಚಿ. ನೋಡು, ಹೀಗೆಲ್ಲ ಬರೆಯಬಹುದೇ ಎಂದು ಅವಳಿಗೆ ತೋರಿಸಿದೆ.

“ನಾ ನಿಮ್ಮ ಹಿಂದ ಇಲ್ಲಿ ಬಂದಾಗ ವೀಸಾದಾಗ ನನಗ ಡಿಪೆಂಡೆಂಟ್ ಅಂತಿದ್ರು,” ಎಂದಳು. “ಆದ್ರ ನನಗ ಯಾರೂ ಪೇಪರ್ ಕೊಡಲಿಲ್ರಿ.”

ಆಗ ಅವಳಿಗಿದ್ದ ಪತ್ರಿಕೆ ನಾನೊಬ್ಬನೇ. ಅದೂ ಸಂಜೆ ತಡವಾಗಿ ಮನೆಗೆ ಬಂದು, ವಿಶೇಷವೇನೂ ಇಲ್ಲ ಎಂದು ಹೇಳಿ, ಉಂಡು ಮಲಗುತ್ತಿದ್ದ ಪತ್ರಿಕೆ.