ರಘುಪತಿ ಮಾಸ್ತರರ ಪ್ರಸ್ಥಾನ

ರಘುಪತಿ ಮಾಸ್ತರರು ಬಾವಿಕಟ್ಟೆಯಲ್ಲಿ ಹಲ್ಲುಜ್ಜಿ ಮುಖ ಒರೆಸಿಕೊಂಡು ಬರುವಷ್ಟರಲ್ಲಿ ಅವರ ಚೀಲ ಅಲೆಕ್ಸಾಂಡ್ರಿಯಾಕ್ಕೆ ಹೊರಟುಬಿಟ್ಟಿತ್ತು.

ತಪ್ಪು ಯಾರದೆಂದು ಕೇಳಿದರೆ ಮಾಸ್ತರರು ಈಗಲೂ ತಮ್ಮ ಎದೆಯನ್ನೇ ಮುಟ್ಟಿ ತೋರಿಸುತ್ತಾರೆ. ಯಲ್ಲಾಪುರದ ಶಾಲೆಯಲ್ಲಿ ಹದಿನೆಂಟು ವರ್ಷ ಭೂಗೋಳ ಕಲಿಸಿದ ಮನುಷ್ಯ. ಪೂರ್ವಕ್ಕೆ ಧಾರವಾಡ, ಪಶ್ಚಿಮಕ್ಕೆ ಅರಬೈಲ್ ಘಟ್ಟದ ತಲೆ, ಅವರು ಕಂಡ ಜಗತ್ತು ಅಷ್ಟೇ. ಬಸ್ಸಿನಲ್ಲಿ ಮೂರು ತಾಸಿನ ದಾರಿಯಾದ ಸಮುದ್ರವನ್ನೂ ಅವರು ನಕಾಶೆಯ ನೀಲಿ ಬಣ್ಣದಲ್ಲಿ ಮಾತ್ರ ನೋಡಿದ್ದರು. ಆದರೆ ಕಪಾಟಿನ ನೋಟುಬುಕ್ಕಿನಲ್ಲಿ ಅಲೆಕ್ಸಾಂಡ್ರಿಯಾ ಪ್ರವಾಸದ ಯೋಜನೆ ಎಂಟು ವರ್ಷಗಳಿಂದ ಬೆಳೆಯುತ್ತಿತ್ತು. ಮೊದಲನೇ ದಿನ ಹಳೇ ಪೇಟೆ, ಎರಡನೇ ದಿನ ರೋಮನ್ನರ ಕಂಬ, ಮೂರನೇ ದಿನ ಪ್ರಸಿದ್ಧ ದೀಪಸ್ತಂಭವಿದ್ದ ಜಾಗ. ಆ ದೀಪಸ್ತಂಭ ಕುಸಿದು ಆರುನೂರು ವರ್ಷ ಆಗಿತ್ತು.

"ಬಿದ್ದ ಕಂಬ ನೋಡಲೆ ಅಷ್ಟು ದೂರ ಎಂತಕ್ಕೆ? ನಮ್ಮನೆ ಕೊಟ್ಟಿಗೆ ಕಂಬವೂ ಬಿದ್ದಿದ್ದು" ಎಂದು ಹೆಂಡತಿ ಪರಿಮಳಾ ಹೇಳಿದ್ದಳು.

ಅರವತ್ತೊಂದನೇ ಇಸವಿಯ ಆ ವಾರ ಮುಂಬಯಿಯ ಹಡಗು ಕಂಪನಿಯಿಂದ ಬಣ್ಣದ ಚಿತ್ರಗಳ ಪತ್ರಕ ಬಂತು. ಮಾಸ್ತರರೇ ಕಾರ್ಡು ಬರೆದು ತರಿಸಿಕೊಂಡದ್ದು. ಟಪಾಲಿನ ಕೆರಿಯ ಅದನ್ನು ಅರ್ಧ ಪೇಟೆಗೆ ತೋರಿಸಿಯೇ ಮನೆಗೆ ತಂದ. ಸಂಜೆ ಜಗಲಿಯಲ್ಲಿ ಹತ್ತು ಜನ ಸೇರಿ, "ಯಾವಾಗ ಹೊರಡೋದು ಮಾಸ್ತರೆ?" ಎಂದು ಕೇಳಿದಾಗ, ಮಾಸ್ತರರ ನಾಲಿಗೆ ಮಾಸ್ತರರನ್ನು ಕೇಳದೆ ಹೇಳಿಬಿಟ್ಟಿತು, "ಇನ್ನೇನು, ಚೀಲ ಕಟ್ಟೋದೊಂದು ಬಾಕಿ."

ಚೀಲ ಕಟ್ಟಿದ್ದು ನಿಜ. ಆದರೆ ಧಾರವಾಡಕ್ಕೆ. ಮರುದಿನ ಮಧ್ಯಾಹ್ನದ ಬಸ್ಸಿಗೆ ಹೋಗಿ, ಅದರ ಮರುದಿನ ತಮ್ಮ ಶಾಲೆಯ ಹೆಡ್‌ಮಾಸ್ತರ ಹುದ್ದೆಯ ಸಂದರ್ಶನಕ್ಕೆ ಕೂರಬೇಕಿತ್ತು. ಹಿಂದಿನ ಸಲ ಸೋತು ಬಂದಾಗ ಊರೆಲ್ಲ ಮನೆಗೆ ಬಂದು ಸಂತಾಪ ಹೇಳಿ ಅವಲಕ್ಕಿ ತಿಂದು ಹೋಗಿತ್ತು. ಹಾಗಾಗಿ ಈ ಸಲ ಪರಿಮಳಾ ಒಬ್ಬಳಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ. ಆಗದ್ದನ್ನು ಊರಿಗೆಲ್ಲ ಸಾರಿ, ಆಗಬೇಕಾದ್ದನ್ನು ಬಚ್ಚಿಟ್ಟಿದ್ದರು. ಚೀಲದಲ್ಲಿ ಇದ್ದದ್ದು ಅವರ ಒಂದೇ ಒಂದು ಕರಿ ಕೋಟು, ಸರ್ಟಿಫಿಕೇಟುಗಳು, ಸಂದರ್ಶನದ ಕರೆಪತ್ರ.

"ಅತ್ತೇ, ಜಗಲಿ ಮೇಲಿದ್ದ ಚೀಲ ಎಲ್ಲಿ?"

ಸೋದರತ್ತೆ ಭಾಗೀರಥತ್ತೆ ಪಂಚಾಂಗ ಮಡಿಸಿಟ್ಟಳು. "ಪ್ರಸ್ಥಾನ ಇಟ್ಟಿಕ್ಕಿ ಬೈಂದಿ ತಮಾ. ಪಡುವಣ ದಿಕ್ಕಿಗೆ ಹೋಪಲೆ ಇವತ್ತು ಬೆಳಿಗ್ಗೆದ್ದೇ ಕಡೇ ಮುಹೂರ್ತ. ಇನ್ನು ಮೂರು ತಿಂಗಳು ಎಂತದೂ ಇಲ್ಲೆ."

ಹೊರಡುವ ದಿನ ಒಳ್ಳೆಯ ಗಳಿಗೆ ಇಲ್ಲದಿದ್ದರೆ, ಗಳಿಗೆ ಇರುವ ದಿನವೇ ಪ್ರಯಾಣಿಕನ ಗಂಟನ್ನು ಅದೇ ದಿಕ್ಕಿನ ಬೇರೆ ಮನೆಯಲ್ಲಿ ಇಟ್ಟು ಬರುವುದುಂಟು. ಅದೇ ಪ್ರಸ್ಥಾನ. ಗಂಟು ಹೊರಟರೆ ಮನುಷ್ಯ ಹೊರಟಂತೆ.

"ಅದು ಅಲ್ಲಿಗೆ ಕಟ್ಟಿದ ಚೀಲ ಅಲ್ದೇ ಅತ್ತೆ! ವಾಪಸ್ ತರ್ತೆ."

"ತರಲಾಗ! ಪ್ರಸ್ಥಾನ ಹೇಳಿರೆ ನೀನೇಯ. ಅದನ್ನ ತಿರುಗಿಸಿರೆ ಹೋದವ ತಿರುಗಿ ಬತ್ನಿಲ್ಲೆ. ಸಮುದ್ರ ದಾಟದು ಪಾಪವೇ, ಆದ್ರೆ ಅದಕ್ಕೆ ಬಂದ ಮೇಲೆ ಪ್ರಾಯಶ್ಚಿತ್ತ ಇದ್ದು. ಮುಹೂರ್ತ ತಪ್ಪಿರೆ ಯಾವ ಪ್ರಾಯಶ್ಚಿತ್ತವೂ ಇಲ್ಲೆ."

ಮಾಸ್ತರರು ಉಟ್ಟ ಪಂಚೆಯಲ್ಲೇ, ಹೆಗಲ ಮೇಲಿನ ಟವೆಲ್ಲಿನಲ್ಲೇ ಪಡುವಣ ಮನೆಯ ಮಂಜಪ್ಪನಲ್ಲಿಗೆ ಓಡಿದರು. ಮಂಜಪ್ಪ ಅವರ ಬಾಯಿಗೆ ಒಂದು ಹಿಡಿ ಸಕ್ಕರೆ ತುರುಕಿದ.

"ಸೊಸೆ ಗಂಡು ಹಡೆದ್ಲು ಮಾಸ್ತರೆ! ನಿಮ್ಮ ಚೀಲ ಬಂದ ಗಳಿಗೆ ಎಂಥಾದ್ದು ನೋಡಿ! ಆದ್ರೆ ಪುರುಡಿನ ಮನೇಲಿ ಪ್ರಸ್ಥಾನ ಇಡಬಾರದಂತೆ. ಅದಕ್ಕೆ ಮುಂದಿನ ಮನೆ ವೀರಪ್ಪನವರಿಗೆ ಕೊಟ್ಟೆ."

"ನಮ್ಮನೆಗೇ ತಂದುಕೊಡಬಹುದಿತ್ತಲ್ಲೋ!" ಸಕ್ಕರೆಯ ನಡುವೆ ಮಾಸ್ತರರು ಕೂಗಿದರು.

"ಪ್ರಸ್ಥಾನ ಎಲ್ಲಾದ್ರೂ ಹಿಂದಕ್ಕೆ ಬರೋದುಂಟಾ?"

ವೀರಪ್ಪ ಹಾವೇರಿ ಕಡೆಯಿಂದ ಬಂದು ನಿಂತ ಜವಳಿ ವ್ಯಾಪಾರಿ. ಗಾದಿ ಬಿಟ್ಟೆದ್ದು ಕೈಮುಗಿದ. "ಬರ್ರಿ ಮಾಸ್ತರ, ಬರ್ರಿ! ಊರ ಹೆಸರು ಮ್ಯಾಲೆ ಮಾಡಿದ್ರಿ ನೋಡ್ರಿ. ಚೀಲದ ಚಿಂತಿ ಬಿಡ್ರಿ. ನಮ್ಮ ಅಂಕೋಲೆದ ದಿನಕರ ಅದಾನಲ್ಲ, ಹಡಗಿನ್ಯಾಗ ಅಡಿಗಿ ಮಾಡಾಂವ, ಇವತ್ತ ಹೊಂಟಿದ್ದ. ಅವನ ಹಡಗ ಅದs ಊರಿಗೆ ಹೊಕ್ಕೈತಂತ. ನೀವ್ಯಾಕ ಹೊತ್ತು ಒಯ್ಯಬೇಕು? ಅವನ ಕೈಯಾಗ ಕೊಟ್ಟಬಿಟ್ಟೆ!"

ಮಾಸ್ತರರು ಬಸ್ ನಿಲ್ದಾಣಕ್ಕೆ ಓಡಿದರು. ಅಂಕೋಲೆಯ ಬಸ್ಸು ಆಗಲೇ ಹೋಗಿತ್ತು. ಅದೇ ದಾರಿಗೆ ಹೊರಟಿದ್ದ, ಮರ ಸಾಗಿಸುವ ಖಾಲಿ ನಾಟಾ ಲಾರಿಗೆ ಕೈಯಡ್ಡ ಹಾಕಿ ಹಿಂದೆ ಹತ್ತಿದರು. ಅರಬೈಲ್ ತನಕ ಮರದ ಧೂಳು ಅವರ ಮೈಗೆಲ್ಲ ಅಂಟಿ, ಇಳಿಯುವಾಗ ರವೆಯಲ್ಲಿ ಹೊರಳಿಸಿದ ಬಾಳೆಕಾಯಿ ಪೋಡಿಯಂತೆ ಕಾಣುತ್ತಿದ್ದರು.

ಅದೃಷ್ಟಕ್ಕೆ ಬಸ್ಸು ಅಲ್ಲೇ ನಿಂತಿತ್ತು. ಘಟ್ಟ ಇಳಿಯುವ ಮುನ್ನ ಡ್ರೈವರ್ ಕಾಯಿ ಒಡೆಯುತ್ತಿದ್ದ. ಕಿಟಕಿಯ ಪಕ್ಕ ದಿನಕರ, ಅವನ ತೊಡೆಯ ಮೇಲೆ ಚೀಲ!

"ಕೊಡು ದಿನಕರ, ಕೊಡು!"

ದಿನಕರ ಚೀಲವನ್ನು ತಬ್ಬಿಕೊಂಡ. "ಆಗೂದಿಲ್ಲ ಮಾಸ್ತರೆ. ಮಾಸ್ತರರೇ ಬಂದು ಕೇಳಿದ್ರೂ ಕೊಡಬೇಡ ಅಂತ ಭಾಗೀರಥಮ್ಮ ಮನೆಯಿಂದ ಮನೆಗೆ ಹೇಳಿ ಕಳಿಸಿದಾರೆ."

"ಹೋಗಲಿ, ಒಳಗಿನ ಕಾಗದ ಮಾತ್ರ ಕೊಡೋ. ನಾಳೆ ಧಾರವಾಡದಲ್ಲಿ ನನಗೆ ಇಂಟರ್ವ್ಯೂ ಇದೆ!"

ಅಷ್ಟು ದಿನ ಬಚ್ಚಿಟ್ಟ ಗುಟ್ಟನ್ನು ಇಡೀ ಬಸ್ಸಿನ ಮುಂದೆ ಹೇಳಿದರು. ಒಬ್ಬರೂ ನಂಬಲಿಲ್ಲ.

"ಹೆದರಿಕೊಂಡಾರೆ ಪಾಪ, ನೀರಿನ ಮೇಲೆ ಹೋಗೋದಲ್ಲವಾ" ಎಂದಳು ಒಬ್ಬ ಮುದುಕಿ.

ಡ್ರೈವರ್ ಮಾತ್ರ ಗಂಭೀರವಾಗಿ ಬಂದ. "ಘಟ್ಟದ ತಲೆ ಮೇಲೆ ನಿಂತು ಪ್ರಸ್ಥಾನ ಬಿಚ್ಚಿಸ್ತೀರಾ? ಮೂವತ್ತು ಜನರ ಜೀವ ನನ್ನ ಕೈಯಲ್ಲಿದೆ ಮಾಸ್ತರೆ. ನಡೀರಿ ಅತ್ತ!"

ಬಸ್ಸು ಹೊರಟಿತು. ಕೆಳಗಿನ ತಿರುವುಗಳಲ್ಲಿ ಅದು ಕಾಣಿಸಿ ಮರೆಯಾಗುವುದನ್ನು ಮಾಸ್ತರರು ನೋಡುತ್ತ ನಿಂತರು. ಹೆಡ್‌ಮಾಸ್ತರ ಕುರ್ಚಿಯೂ ಅದರೊಳಗೇ ಕೂತು ಹೋಗುತ್ತಿತ್ತು. ಅವರಿಗೆ ಅಳುವೇ ಬಂತು, ಅತ್ತರು ಕೂಡ. ಕೋಟಿಲ್ಲ, ಕಾಗದವಿಲ್ಲ, ಮೈಮೇಲೆ ಅಂಗಿಯೂ ಇಲ್ಲ. ಧಾರವಾಡಕ್ಕೆ ಹೋಗಲಿಲ್ಲ. ಕುರ್ಚಿ ಅವರಿಗಿಂತ ಆರು ವರ್ಷ ಕಿರಿಯನಾದ ಗೋವಿಂದನ ಪಾಲಾಯಿತು.

ನಾಲ್ಕು ತಿಂಗಳ ಮೇಲೆ ದಿನಕರ ರಜೆಗೆ ಬಂದವನು ಚೀಲ ತಂದುಕೊಟ್ಟ. ಕಾಗದಗಳೆಲ್ಲ ಸುರಕ್ಷಿತ. ಕೋಟಿಗೆ ಮಾತ್ರ ಈರುಳ್ಳಿ ಒಗ್ಗರಣೆಯ ವಾಸನೆ. ಜೊತೆಗೊಂದು ಫೋಟೋ: ಅಲೆಕ್ಸಾಂಡ್ರಿಯಾದ ರೋಮನ್ನರ ಕಂಬದ ಬುಡದಲ್ಲಿ ಮಾಸ್ತರರ ಕೋಟು, ಅದರೊಳಗೆ ದಿನಕರ. ಮಾಸ್ತರರು ಆ ಕಂಬವನ್ನು ಬಹಳ ಹೊತ್ತು ನೋಡಿದರು. ನೋಟುಬುಕ್ಕಿನಲ್ಲಿ ಬರೆದುಕೊಂಡ ಹಾಗೇ ಇತ್ತು. ಹೊಟ್ಟೆ ಉರಿದರೂ ಕಣ್ಣು ತಂಪಾಯಿತು.

ಚೀಲ ಎತ್ತಿಕೊಂಡು ಒಳಗೆ ಕಾಲಿಡಬೇಕು, ಭಾಗೀರಥತ್ತೆ ಬಾಗಿಲಿಗೆ ಅಡ್ಡ ನಿಂತಳು.

"ಅಲ್ಲೇ ನಿಲ್ಲು ತಮಾ! ಸಮುದ್ರ ದಾಟಿ ಬಂದದ್ದು ಹಾಂಗೇ ಒಳಗೆ ಬಪ್ಪಲಾಗ."

"ಸರಿ ಅತ್ತೆ, ಚೀಲಕ್ಕೆ ನಾಲ್ಕು ಹನಿ ತೀರ್ಥ ಹಾಕು."

"ಚೀಲಕ್ಕೆಂತಕ್ಕೆ? ಪ್ರಸ್ಥಾನ ಹೇಳಿರೆ ನೀನೇಯ ಹೇಳಿ ಅವತ್ತೇ ಹೇಳಿದ್ದಿಲ್ಯ? ದಾಟಿದವ ನೀನು."

ಪುರೋಹಿತ ಗಣಪ ಭಟ್ಟರು ಹೌದೆಂದು ತಲೆಯಾಡಿಸಿದರು. ಮಾಸ್ತರರು ಅಂಗಳದಲ್ಲಿ ತಣ್ಣೀರು ಮಿಂದು, ಸೆಗಣಿ ಗಂಜಲ ಕೂಡಿದ ಪಂಚಗವ್ಯವನ್ನು ಕಣ್ಣು ಮುಚ್ಚಿ ಮೂರು ಸಲ ಕುಡಿದರು. ಊರಿಗೆಲ್ಲ ಊಟ ಹಾಕಿದರು. ಮೊದಲ ಪಂಕ್ತಿಯ ಮೊದಲ ಎಲೆ ಹೊಸ ಹೆಡ್‌ಮಾಸ್ತರ ಗೋವಿಂದನದು.

ಆ ಫೋಟೋ ಈಗ ಭೂಗೋಳದ ತರಗತಿಯಲ್ಲಿ ತೂಗುತ್ತದೆ. ಯಲ್ಲಾಪುರ ಶಾಲೆಯಲ್ಲಿ ಸಮುದ್ರ ದಾಟಿ ಪ್ರಾಯಶ್ಚಿತ್ತ ಮಾಡಿಕೊಂಡ ಮಾಸ್ತರರೆಂದರೆ ರಘುಪತಿ ಮಾಸ್ತರರೊಬ್ಬರೇ. ಸಮುದ್ರವನ್ನು ಮಾತ್ರ ಅವರು ಇನ್ನೂ ನೋಡಿಲ್ಲ.